ಬುಟ್ಟಿ ಹೊರಿಸಿದವಳು ಹೇಳಿದ ಮಾತು

ಈ ವಿಷಯವನ್ನು ನಾನು ಈಗಾಗಲೇ ತುಂಬ ಜನರಿಗೆ ಹೇಳಿ ಆಗಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರಿಗೆ ಹೇಳಿದ್ದೇನೆ, ಅವರು ಇಳಿದ ಮೇಲೆ ಆ ಸೀಟಿಗೆ ಬಂದವರಿಗೆ ಮೊದಲಿನಿಂದ ಹೇಳಿದ್ದೇನೆ. ಬಿಪಿ ನೋಡಿಸಲಿಕ್ಕೆ ಹೋದಾಗ ಡಾಕ್ಟರಮ್ಮನಿಗೆ ಹೇಳಿದೆ. ಅವರು ಮೀಟರು ನೋಡಿ, ನೀವು ಸ್ವಲ್ಪ ಹೊತ್ತು ಸುಮ್ಮನೆ ಕೂತುಕೊಳ್ಳಿ, ಮತ್ತೆ ನೋಡುವ ಅಂದರು. ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ಹೊರಗೆ ಬೆಂಚಿನಲ್ಲಿ ಇದ್ದವರಿಗೂ ಹೇಳಿದೆ. ಈಗ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಕಡಿಮೆ. ಒತ್ತಕ್ಷರ ಕೆಲವು ಕಡೆ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ವಿಷಯವನ್ನು ಮಾತ್ರ ತಿದ್ದಬಾರದು ಎಂದು ಹೇಳಿಟ್ಟಿದ್ದೇನೆ, ಯಾಕೆಂದರೆ ಅವಳಿಗೆ ತನ್ನ ಹೊಗಳಿಕೆ ಬಂದ ಕಡೆ ಎಲ್ಲ ಗೀಟು ಹಾಕುವ ಅಭ್ಯಾಸ.

ನಮ್ಮದು ಕುಂದಾಪುರ. ನಾನು ಮೀನು ಮಾರಿದವಳು, ನನ್ನ ಮಗಳು ಈಗಲೂ ಮೀನಿನ ವ್ಯಾಪಾರದಲ್ಲೇ ಇದ್ದಾಳೆ. ಅವಳ ಮಗಳು ಕಂಪ್ಯೂಟರ್ ಡಿಪ್ಲೊಮಾ ಓದಿ ಇಲ್ಲಿಯೇ ಪೇಟೆಯ ಒಂದು ಮೊಬೈಲ್ ಅಂಗಡಿಗೆ ಕೆಲಸಕ್ಕೆ ಸೇರಿದ್ದಳು. ಒಡೆದ ಫೋನುಗಳಿಗೆ ಗಾಜು ಅಂಟಿಸುವ ಕೆಲಸ. ಒಬ್ಬರ ಫೋನು ಮುಗಿಯುವಷ್ಟರಲ್ಲಿ ಇನ್ನೊಬ್ಬರು ಬಿಸಾಡಿಕೊಂಡು ಬರುತ್ತಿದ್ದರು. ಹುಡುಗಿ ಬೇಜಾರನ್ನು ಬಾಯಿಬಿಟ್ಟು ಹೇಳುವವಳಲ್ಲ. ಆದರೆ ಮನೆಗೆ ಬಂದು ಅಂಗೈ ನೋಡಿಕೊಳ್ಳುತ್ತಿದ್ದಳು. ಕಲಿತದ್ದನ್ನು ಎಲ್ಲಿ ಹಾಕುವುದು ಎಂದು ಅವಳು ಯೋಚಿಸುತ್ತಿದ್ದಾಗ ಅವಳ ಕಣ್ಣಿಗೆ ಬಿದ್ದದ್ದು ನಮ್ಮ ಮಾರ್ಕೆಟ್ಟು.

ಮಾರ್ಕೆಟ್ಟಿನ ಕಷ್ಟ ಹೇಳುತ್ತೇನೆ. ಬೆಳಿಗ್ಗೆ ಬಂದರಿನಿಂದ ಟೆಂಪೊ ಹೊರಡುತ್ತದೆ. ಬೈಂದೂರಿಗೆ ಹೋಗುವುದು ಒಂದು, ಬ್ರಹ್ಮಾವರಕ್ಕೆ ಹೋಗುವುದು ಒಂದು, ಇಲ್ಲಿಯೇ ಕುಂದಾಪುರಕ್ಕೆ ಬರುವುದು ಒಂದು. ಯಾವುದರಲ್ಲಿ ಬಂಗುಡೆ ಇದೆ, ಯಾವುದರಲ್ಲಿ ಬೈಗೆ ಮೀನು ಇದೆ, ಹೊರಟಿದೆಯಾ ಇಲ್ಲವಾ, ಯಾರಿಗೂ ಗೊತ್ತಿರುವುದಿಲ್ಲ. ಹೆಂಗಸರು ಬಿಸಿಲಿಗೆ ರಸ್ತೆ ಬದಿಯಲ್ಲಿ ನಿಂತು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುವುದು. ಫೋನು ಬಂದರೆ ಎತ್ತುವುದು ಯಾರು? ಕೈತುಂಬ ಮೀನಿನ ಸಿಪ್ಪೆ ಇರುತ್ತದೆ.

ಅದಕ್ಕೆ ಮೊಮ್ಮಗಳು ಒಂದು ಪೆಟ್ಟಿಗೆ ಮಾಡಿದಳು. ಅಂಗೈಯೊಳಗೆ ಹಿಡಿಯುವಷ್ಟು ಕಂಪ್ಯೂಟರು, ಅದಕ್ಕೊಂದು ಸ್ಪೀಕರು, ಎರಡನ್ನೂ ಐಸ್‌ಕ್ರೀಮಿನ ಖಾಲಿ ಡಬ್ಬಿಯೊಳಗೆ ಕೂರಿಸಿ ಮುಚ್ಚಳಕ್ಕೆ ತೂತು ಹೊಡೆದಳು. ಬಂದರಿನಲ್ಲಿ ಮೀನು ಟೆಂಪೊ ಏರಿದ ಕೂಡಲೇ ನನ್ನ ಮಗಳು ಫೋನಿನಲ್ಲಿ ಒತ್ತಬೇಕು, ಇಂಥ ಮೀನು, ಇಂಥ ಊರಿಗೆ. ಮಾರ್ಕೆಟ್ಟಿನ ಗೋಡೆಯಲ್ಲಿರುವ ಪೆಟ್ಟಿಗೆ ಅದನ್ನು ಇಂಟರ್ನೆಟ್ಟಿನಲ್ಲಿ ತಿಳಿದುಕೊಂಡು ಕೂಗಬೇಕು. ಮೂರು ಊರಿಗೂ ಮೂರು ಪೆಟ್ಟಿಗೆ, ಮೂರರೊಳಗೂ ಒಂದೇ ಪ್ರೋಗ್ರಾಮು. ನೀನು ಯಾವ ಊರಿನಲ್ಲಿದ್ದಿ ಎಂದು ಹೇಳಿಕೊಟ್ಟರೆ ಆಯಿತು, ಆಯಾ ಊರಿನ ಮೀನನ್ನು ಮಾತ್ರ ಅದು ಕೂಗುತ್ತದೆ. ಎಬ್ಬಿಸಿದ ಕೂಡಲೇ ಕೊನೆಗೆ ಒತ್ತಿದ ಮೀನನ್ನು ಒಂದು ಸಲ ಕೂಗುತ್ತದೆ.

ಕೂಗುವ ಸ್ವರ ನನ್ನದು. ಇದನ್ನು ಬರೆಯುವಾಗ ಈಗಲೂ ನನಗೆ ನಗು ಬರುತ್ತದೆ.

"ಅಮ್ಮಮ್ಮ, ನಿನ್ ಸ್ವರ ಬೇಕ್ ನಂಗೆ," ಅಂದಳು ಒಂದು ದಿನ.

"ಎಂತಕೆ? ನಿಂಗ್ ಸ್ವರ ಇಲ್ದಾ?"

"ನಂದ್ ಅಂಗ್ಡಿ ಒಳ್ಗಿನ ಸ್ವರ. ನೀ ಕೂಗಿರೆ ಗದ್ದಿ ಆಚಿ ಬದಿಯರ್ ಪಾತ್ರಿ ಹಿಡ್ಕಂಡ್ ಬಪ್ಪುದ್ ನಾ ಕಂಡಿದ್ದೆ."

ಒಂದೊಂದೇ ಶಬ್ದವನ್ನು ಬೇರೆ ಬೇರೆಯಾಗಿ ಹೇಳಿಸಿದಳು. ಹ್ವಾಯ್. ಬೈಂದೂರಿಗೆ. ಬ್ರಹ್ಮಾವರಕ್ಕೆ. ಕುಂದಾಪ್ರಕ್ಕೆ. ಬಂಗ್ಡೆ. ಅಂಜಲ್. ಚಟ್ಲಿ. ಬಂತ್. ಬೇಕಾದ ಹಾಗೆ ಅದು ಜೋಡಿಸಿಕೊಳ್ಳುತ್ತದಂತೆ. ನಾನು ಅಡುಗೆಮನೆಯಲ್ಲಿ ಕೂತು ಗೋಡೆಗೆ ಮುಖ ಮಾಡಿ ಮೀನಿನ ಹೆಸರು ಕೂಗುವಾಗ ಪಕ್ಕದ ಮನೆಯವಳು ನಿಜವಾಗಿಯೂ ಪಾತ್ರೆ ಹಿಡಿದುಕೊಂಡು ಬಂದಳು. ಅವಳಿಗೆ ಚಾ ಕೊಟ್ಟು ಕಳಿಸಿದೆವು.

ಇನ್ನು ಪೆಟ್ಟಿಗೆಯನ್ನು ಇಡಿಸಬೇಕು. ಕುಂದಾಪುರದವರು ನಮ್ಮವರೇ, ಇಡು ಅಂದಿದ್ದರು. ಬೈಂದೂರು ಮಾರ್ಕೆಟ್ಟಿನ ಹೆಂಗಸರಿಗೆ ಒಬ್ಬಳು ಹಿರಿಯವಳಿದ್ದಾಳೆ, ಅವಳ ಮಾತು ದಾಟಿ ಅಲ್ಲಿ ಯಾರೂ ಹೋಗುವುದಿಲ್ಲ. ನನ್ನ ಓರಗೆಯವಳೇ. ಹಿಂದೆ ಒಂದೇ ಬಸ್ಸಿನ ಹಿಂದಿನ ಬಾಗಿಲಿನಲ್ಲಿ ಬುಟ್ಟಿ ಇಡುವ ಜಾಗಕ್ಕೆ ನಾವಿಬ್ಬರೂ ಜಗಳ ಮಾಡಿದವರು. ಬೈಂದೂರಿನವರು ಏನು ಹೇಳುತ್ತಾರೆ ನೋಡುವ ಎಂದು ಬ್ರಹ್ಮಾವರದವರು ಕಾದಿದ್ದರು. ಇವಳು ಹೂಂ ಅಂದರೆ ಅವರೂ ಹೂಂ, ಇವಳು ಬೇಡ ಅಂದರೆ ಎಲ್ಲವೂ ಬೇಡ. ಎರಡು ಕಡೆಯೂ ಹಿಡಿಸಿದರೆ ಹುಡುಗಿ ಇದನ್ನೇ ತನ್ನ ಕೆಲಸ ಮಾಡಿಕೊಳ್ಳಬಹುದು, ಇಲ್ಲದಿದ್ದರೆ ಮತ್ತೆ ಗಾಜು ಅಂಟಿಸುವುದು. ಅವಳು ನನಗೆ ಹಾಗೆಂದು ಬಿಡಿಸಿ ಹೇಳಲಿಲ್ಲ. ಬಸ್ಸಿನಲ್ಲಿ ಬೈಂದೂರಿಗೆ ಹೋಗುವಾಗ ಡಬ್ಬಿಯನ್ನು ಕೆಳಗಿಡದೆ ತೊಡೆಯ ಮೇಲೆಯೇ ಹಿಡಿದಿದ್ದಳು. ಅಷ್ಟು ನೋಡಿ ನನಗೆ ಅರ್ಥವಾಯಿತು.

ಮೊದಲ ಸಲ ಹೋದ ದಿನ ಎಲ್ಲ ಚಂದವಾಗಿತ್ತು. ಹುಡುಗಿ ಲ್ಯಾಪ್‌ಟಾಪ್ ಜೋಡಿಸಿ, ಏನೋ ಎರಡು ಗೆರೆ ಬರೆದು ಪೆಟ್ಟಿಗೆಯನ್ನು ಎಬ್ಬಿಸಿದಳು. ಅಲ್ಲಿ ಬಂದರಿನಲ್ಲಿ ನನ್ನ ಮಗಳು ಫೋನಿನಲ್ಲಿ ಒತ್ತಿದಳು. ಇಲ್ಲಿ ಮುಚ್ಚಳದ ತೂತಿನಿಂದ ನಾನು ಹೊರಗೆ ಬಂದೆ. "ಹ್ವಾಯ್, ಬೈಂದೂರಿಗೆ ಬಂಗ್ಡೆ ಬಂತ್." ಹೆಂಗಸರು ಕತ್ತಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಹಿರಿಯವಳು ತಟ್ಟಲಿಲ್ಲ.

"ಹೆಣೆ, ನೀ ಮುಂದ್ ಕೂಕಂಡಿದ್ರೆ ಅದ್ ಕೂಗತ್ತ್. ನೀ ಮನಿಗ್ ಹೋದ್ ಮೇಲೆ?" ಅಂದಳು. "ನಮ್ ಬೈಂದೂರಂಗೆ ಕರೆಂಟ್ ಅಂದ್ರೆ ನೆಂಟ್ರ್ ಇದ್ದಾಂಗೆ, ಬತ್ತ್, ಹೋತ್ತ್. ಪ್ರತಿ ಸರ್ತಿ ನಿನ್ನ ಕರ್ಸುಕೆ ಆತ್ತಾ? ಕರೆಂಟ್ ಬಂದ್ ಕೂಡ್ಲೆ ಯಾರೂ ಮುಟ್ದೆ ತನ್ನಷ್ಟಕ್ಕೆ ಏಳ್ಕ್, ತನ್ನಷ್ಟಕ್ಕೆ ಕೂಗ್ಕ್. ಕೂಗಿರೆ ಇಡುದು, ಇಲ್ದಿರೆ ತಕಂಡ್ ಹೋಪುದು."

ಹೇಳಿದವಳೇ ಎದ್ದು ಹೋಗಿ ಮೇನ್ ಸ್ವಿಚ್ಚು ತೆಗೆದಳು. ಫ್ಯಾನುಗಳು ನಿಂತವು, ನೊಣಗಳು ಕೆಳಗಿಳಿದವು. ಸ್ವಲ್ಪ ಹೊತ್ತು ಬಿಟ್ಟು ಪುನಃ ಹಾಕಿದಳು. ಹುಡುಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದಳು, ಮುಟ್ಟಲಿಲ್ಲ ಎನ್ನುವುದು ಎಲ್ಲರಿಗೂ ಕಾಣಲಿ ಎಂದು. ಪೆಟ್ಟಿಗೆಯಲ್ಲಿ ದೀಪ ಬಂತು. ಅದು ಎದ್ದಿತು. ಅದು ಕೂಗಿತು ಕೂಡ.

"ಹ್ವಾಯ್, ಕುಂದಾಪ್ರಕ್ಕೆ ಚಟ್ಲಿ ಬಂತ್."

ಬೈಂದೂರು ಮಾರ್ಕೆಟ್ಟಿನಲ್ಲಿ ನಿಂತುಕೊಂಡು ನನ್ನ ಸ್ವರ ಕುಂದಾಪುರದ ಸಿಗಡಿಯನ್ನು ಕರೆಯುತ್ತಿತ್ತು. ಆ ನಗು ನೀವು ಕೇಳಬೇಕಿತ್ತು. ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡಳು.

"ಅಜ್ಜಿಗೆ ಊರ್ ತಪ್ಪಿತ್ ಅಲ್ದಾ," ಅಂದಳು ಹಿರಿಯವಳು ನನ್ನ ಕಡೆ ತಿರುಗಿ. "ಹಿಂದೆ ಬಸ್ಸಂಗೂ ನಿಂಗೆ ಇಳೂ ಜಾಗ ಸಮಾ ಗೊತ್ತಿರ್ಲಿಲ್ಲ."

"ಗೊತ್ತಿತ್ ಮಾರಾಯ್ತಿ. ನೀನ್ ಬುಟ್ಟಿ ಅಡ್ಡ ಇಟ್ಟಿದ್ದಕ್ಕೆ ಇಳೂಕ್ ಆತಿರ್ಲಿಲ್ಲ, ಅಷ್ಟೆ."

ಅವಳೂ ನಕ್ಕಳು. ಆದರೆ ಹುಡುಗಿಗೆ ಹೇಳಿದ ಮಾತು ಮಾತೇ. ಮುಂದಿನ ವಾರ ಇನ್ನೊಂದು ಸಲ ಬಾ, ಆಗಲೂ ಹೀಗೇ ಆದರೆ ಮತ್ತೆ ಬರಬೇಡ.

ಬಸ್ಸಿನಲ್ಲಿ ಹಿಂದೆ ಬರುವಾಗ ಹುಡುಗಿ ತುಂಬ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದಳು. ಅಳುತ್ತಾಳೋ ಎಂದು ನಾನು ಬಗ್ಗಿ ಮುಖ ನೋಡಿದರೆ ಅವಳು ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದಳು. ಆಮೇಲೆ ತನ್ನ ಹಣೆಗೆ ತಾನೇ ಹೊಡೆದುಕೊಂಡಳು.

"ಗೊತ್ತಾಯ್ತ್ ಅಮ್ಮಮ್ಮ. ಪ್ರೋಗ್ರಾಮ್ ಸಮಾ ಇತ್ತ್. ಎಬ್ಸಿದವ್ರ್ ಬೇರೆ."

"ಎಬ್ಸಿದ್ದ್ ನೀನೇ ಅಲ್ದಾ?"

"ಬೆಳ್ಗೆ ಎಬ್ಸಿದ್ದ್ ನಾನ್. ನಾನ್ ಮಷಿನ್ ಒಳ್ಗ್ ಹೊಕ್ಕ್ ಕೂಡ್ಲೆ ಊರ್ ಬೈಂದೂರ್ ಅಂದೇಳಿ ನಂಗೆ ಗೊತ್ತಾಪ್ ಹಾಂಗೆ ಬರ್ದಿಟ್ಟಿದ್ದೆ. ಎನ್ವಿರಾನ್‌ಮೆಂಟ್ ವೇರಿಯೆಬಲ್ ಅಂಬ್ರ್ ಅದ್ಕೆ. ನಾನ್ ಯಾರನ್ನ್ ಎಬ್ಸಿರೂ ನಂಗೆ ಗೊತ್ತಿಪ್ದ್ ಅವ್ರಿಗೂ ಸಿಕ್ಕತ್ತ್. ಕರೆಂಟ್ ಬಂದಾಗ ಎಬ್ಸುದ್ ನಾನಲ್ಲ. ಮಷಿನ್ ಒಳ್ಗೆ ಸರ್ವಿಸ್ ಮೇನೇಜರ್ ಅಂದೇಳಿ ಒಬ್ಬ ಇದ್ದ. ಮಷಿನ್ ಶುರುವಾಪತ್ತಿಗೆ ಎಲ್ರಿಗಿಂತ ಮುಂಚೆ ಏಳುದ್ ಅವ, ಉಳ್ದವ್ರನ್ನೆಲ್ಲ ಎಬ್ಸುದೂ ಅವ್ನೆ. ನನ್ ಬಾಗ್ಲ್ ಬದಿಗೆ ಅವ ಬಪ್ಪುದೇ ಇಲ್ಲ. ಬೈಂದೂರ್ ಅಂದೇಳಿ ಅವ್ನಿಗ್ ಯಾರ್ ಹೇಳ್ದ್? ಯಾರೂ ಊರ್ ಹೇಳ್ದೆ ಇದ್ರೆ ಕುಂದಾಪ್ರ ಅಂದೇಳಿ ತಕೋ ಅಂತ ನಾನೇ ಪ್ರೋಗ್ರಾಮಂಗೆ ಬರ್ದಿದ್ದೆ."

ನಾನು ಸೀಟಿನಿಂದ ಅರ್ಧ ಎದ್ದೆ. "ಇದ್ ಬುಟ್ಟಿ ಹೊರ್ಸೂ ಕತಿ ಅಲ್ದನೆ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೀನು ತುಂಬಿದ ಬುಟ್ಟಿಯನ್ನು ಯಾರೂ ಒಬ್ಬರೇ ತಲೆಗೆ ಏರಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ನೀವು ತಲೆಗೆ ಬಟ್ಟೆಯ ಸಿಂಬೆ ಇಟ್ಟುಕೊಂಡು ಬಗ್ಗಬೇಕು, ಎದುರಿನಿಂದ ಇನ್ನೊಬ್ಬಳು ಎತ್ತಿ ಇಡಬೇಕು. ನಾವು ಮಾರಲಿಕ್ಕೆ ಹೋಗುವ ಕಾಲದಲ್ಲಿ ದಡದಲ್ಲಿ ಎಲ್ಲರಿಗೂ ಬುಟ್ಟಿ ಹೊರಿಸುವ ಒಬ್ಬಳು ಇದ್ದಳು. ಎಲ್ಲರಿಗಿಂತ ಮುಂಚೆ ಬಂದು, ಯಾರು ಮೊದಲು ಯಾರು ಆಮೇಲೆ ಎಂದು ಅವಳೇ ಹೇಳಿ, ಒಬ್ಬೊಬ್ಬರನ್ನೇ ಹೊರಡಿಸುತ್ತಿದ್ದಳು. ಎತ್ತಿ ಇಡುವಾಗ ಅವಳ ಬಾಯಿ ನಿಮ್ಮ ಕಿವಿಯ ಹತ್ತಿರವೇ ಬರುತ್ತದೆ. ಆಗ ಹೇಳುವುದು: ನೀನು ಇಂಥ ಊರಿಗೆ, ಇಷ್ಟಕ್ಕಿಂತ ಕಡಿಮೆಗೆ ಕೊಡಬೇಡ, ಇಂಥ ಮನೆಯಲ್ಲಿ ಮದುವೆ ಇದೆ, ಮೊದಲು ಅಲ್ಲಿಗೆ. ಹೊರಿಸಿದವಳು ಹೇಳಿದ್ದೇ ಆ ದಿನದ ಮಾತು. ಮನೆಯಲ್ಲಿ ಅತ್ತೆ ಏನು ಹೇಳಿದ್ದರೂ ಹೊರಿಸುವವಳ ಕಿವಿಗೆ ಅದು ಬೀಳದಿದ್ದರೆ ಅವಳು ಹೇಳುವುದಿಲ್ಲ. ಅತ್ತೆಯೇ ದಡಕ್ಕೆ ಬಂದು ಹೊರಿಸಿದರೆ ಅತ್ತೆಯ ಮಾತು. ಒಬ್ಬಳ ಕಿವಿಗೆ ಹೇಳಿದ್ದು ಇನ್ನೊಬ್ಬಳಿಗೆ ಇಲ್ಲ. ನಿಮ್ಮ ಜೊತೆ ಸಣ್ಣ ಬುಟ್ಟಿ ಹೊತ್ತು ಬರುವ ತಂಗಿಗೆ ನೀವೇ ಹೊರಿಸಿದ್ದರೆ ನಿಮಗೆ ಗೊತ್ತಿದ್ದದ್ದೆಲ್ಲ ಅವಳಿಗೂ ಗೊತ್ತು.

ಇನ್ನೊಂದು ಇದೆ. ತಲೆಯ ಮೇಲೆ ಬುಟ್ಟಿ ಕೂತ ಮೇಲೆ ತಿರುಗಲಿಕ್ಕೆ ಆಗುವುದಿಲ್ಲ, ಕುತ್ತಿಗೆ ನೆಟ್ಟಗೆ ಇಟ್ಟು ಓಡುವುದೇ. ಆಮೇಲೆ ದಡದಲ್ಲಿ ರೇಟು ಬದಲಾಯಿತು ಎಂದು ಕೂಗಿದರೆ ಯಾರಿಗೂ ಕೇಳುವುದಿಲ್ಲ. ಹೊಸ ಮಾತು ಬೇಕಾದರೆ ವಾಪಸು ಬಂದು, ಬುಟ್ಟಿ ಇಳಿಸಿ, ಪುನಃ ಹೊರಿಸಿಕೊಂಡು ಹೋಗಬೇಕು. ನೀವು ದಾರಿಯಲ್ಲಿ ನಿಮ್ಮಷ್ಟಕ್ಕೆ ರೇಟು ಇಳಿಸಿದರೂ ದಡದಲ್ಲಿರುವವಳಿಗೆ ಅದು ಮುಟ್ಟುವುದಿಲ್ಲ. ಮಾತು ಮೇಲಿನಿಂದ ಕೆಳಗೆ ಮಾತ್ರ ಹೋಗುವುದು.

ನಾನು ಹೇಳಿ ಮುಗಿಸುವಾಗ ಹುಡುಗಿಯ ಬಾಯಿ ತೆರೆದಿತ್ತು.

"ಅಮ್ಮಮ್ಮ, ಇದನ್ನ್ ನಮ್ಗೆ ಕಾಲೇಜಂಗೆ ಕಲಿಸ್ವತಿಗೆ ಮರದ್ ಚಿತ್ರ ಬರ್ದಿರ್. ಬೇರ್ ಮೇಲೆ, ಎಲಿ ಕೆಳ್ಗೆ."

"ತಲಿಕೆಳ್ಗ್ ಮರವಾ?"

"ಹೂಂ. ಈಗ ಅದ್ರ್ ಮೇಲೆ ಒಂದ್ ಬುಟ್ಟಿ ಇಟ್ಟಾಂಗಾಯ್ತ್."

ನಮಗೆ ನಗು ಹತ್ತಿತು. ಬೈಂದೂರಿನವರ ಎದುರು ಮರ್ಯಾದೆ ಹೋಗಿ ಇನ್ನೂ ಅರ್ಧ ದಾರಿ ಆಗಿರಲಿಲ್ಲ, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕಂಡಕ್ಟರು ಬಂದು, ಟಿಕೇಟು ತೆಗೆದು ಆಮೇಲೆ ನಗಿ ಅಂದ.

ಮನೆಗೆ ಬಂದ ಕೂಡಲೇ ಅವಳು ಅಡುಗೆಮನೆಯ ಮೂಲೆಯಲ್ಲಿ ಪೆಟ್ಟಿಗೆ ಇಟ್ಟು ಕೂತಳು. ಮಿಕ್ಸಿ ಹಾಕುವ ಪ್ಲಗ್ಗು ಅವಳ ಪಾಲಿಗೆ ಹೋಯಿತು. ಹೊರಿಸುವವಳ ಕಿವಿಗೆ ಬೀಳುವ ಹಾಗೆ ಒಂದು ಫೈಲಿನಲ್ಲಿ ಮಾತುಗಳನ್ನು ಬರೆದಳು. ಈ ಪೆಟ್ಟಿಗೆಯ ಪ್ರೋಗ್ರಾಮನ್ನು ಎಬ್ಬಿಸುವ ಮುಂಚೆ ಈ ಫೈಲು ಓದಿ ಅದರಲ್ಲಿ ಇದ್ದದ್ದನ್ನು ಅದಕ್ಕೆ ಹೇಳು ಎಂದು ಮೇನೇಜರನಿಗೆ ತಾಕೀತು ಮಾಡಿದಳು. ಊರು ಬೈಂದೂರು ಎಂದು ಬರೆದಳು. ಒಂದೇ ಸಲಕ್ಕೆ ಎಲ್ಲ ಹೇಳಿಬಿಡುವ ಎಂದು, ನನ್ನ ಸ್ವರ ಯಾವ ಜಾಗದಲ್ಲಿದೆ ಎನ್ನುವುದನ್ನೂ ಬರೆದಳು.

"ಈಗ ಕೂಗಿಸ್, ಕಾಂಬ," ಅಂದೆ.

ಅವಳು ಬೇಕೆಂದೇ ಪ್ರೋಗ್ರಾಮನ್ನು ಪುನಃ ಎಬ್ಬಿಸದೆ ಹಾಗೇ ಕೂಗಿಸಿದಳು. ಕುಂದಾಪ್ರಕ್ಕೆ ಅಂದಿತು.

"ಹೊತ್ಕಂಡ್ ಹೋದವ್ಳಿಗೆ ಈಗ ಹೇಳಿರೆ ಎಂತ ಕೇಣತ್ತ್," ಅಂದೆ ನಾನು.

"ಅದನ್ನೇ ನಿಂಗ್ ತೋರ್ಸಿದ್. ಈಗ ಇಳ್ಸಿ ಪುನಃ ಹೊರ್ಸುವ." ಮೇನೇಜರನಿಗೆ ಹೊಸ ತಾಕೀತನ್ನು ಓದಿಸಿ, ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಳು. ಪೆಟ್ಟಿಗೆ ಈಗ ಊರು ತಪ್ಪಿಸಲಿಲ್ಲ, ಯಾಕೆಂದರೆ ಅದು ಬಾಯಿಯನ್ನೇ ಬಿಡಲಿಲ್ಲ. ಅಷ್ಟು ಮಾತಾಡುತ್ತಿದ್ದ ನನ್ನನ್ನು ಅದು ಪೂರಾ ಮೂಗಿ ಮಾಡಿಬಿಟ್ಟಿತ್ತು. ಒಲೆಯ ಹತ್ತಿರ ನಿಂತಿದ್ದ ನನ್ನ ಮಗಳು, "ನಮ್ಮನಿಯಂಗೆ ಇಂಥ ಒಂದ್ ಗಳ್ಗಿ ಬತ್ತ್ ಅಂದೇಳಿ ಗೊತ್ತಿರ್ಲಿಲ್ಲ," ಅಂದಳು.

ಹುಡುಗಿ ಗಾಬರಿಯಾಗಲಿಲ್ಲ. ಹೊರಡುವಾಗ ನಿನಗೆ ಏನೇನು ಹೇಳಿ ಕಳಿಸಿದ್ದಾರೆ ಎಂದು ಓಡುತ್ತಿರುವ ಪ್ರೋಗ್ರಾಮನ್ನೇ ಕೇಳುವ ಒಂದು ದಾರಿ ಇದೆಯಂತೆ, ಅದನ್ನು ಕೇಳಿದಳು. ಉತ್ತರ ನೋಡಿ ಮೂಗಿನ ಮೇಲೆ ಬೆರಳಿಟ್ಟಳು. ಸ್ವರ ಎಲ್ಲಿದೆ ಎನ್ನುವಲ್ಲಿ ಅವಳು ದಾರಿಯನ್ನು ಪೂರ್ತಿ ಬರೆಯದೆ, ನನ್ನ ಮನೆಯ ಒಳಗೆ ಎಂದು ಕಿರಿದು ಮಾಡಿ ಬರೆದಿದ್ದಳು; ಮಷಿನಿನೊಳಗೆ ಅವರವರ ಫೈಲು ಇಡುವ ಜಾಗಕ್ಕೆ ಮನೆ ಎನ್ನುತ್ತಾರಂತೆ. ತಾನು ಕೀಬೋರ್ಡಿನಲ್ಲಿ ಹೇಳುವಾಗ ನನ್ನ ಮನೆ ಅಂದರೆ ಯಾವ ಮನೆ ಎಂದು ಮಷಿನು ಬಿಡಿಸಿಕೊಳ್ಳುತ್ತದೆ. ಈ ಫೈಲು ಓದುವ ಮೇನೇಜರ್ ಬಿಡಿಸುವುದಿಲ್ಲ. ನನ್ನ ಮನೆ ಎಂದು ಬರೆದಿದ್ದರೆ ನನ್ನ ಮನೆ ಎನ್ನುವ ಆ ಅಕ್ಷರಗಳನ್ನೇ ಹಾಗೆ ಹಾಗೆ ದಾಟಿಸುತ್ತಾನೆ. ಪಾಪ, ಪ್ರೋಗ್ರಾಮು ನನ್ನ ಮನೆ ಎಂಬ ಹೆಸರಿನ ಜಾಗ ಎಲ್ಲಿದೆ ಎಂದು ಹುಡುಕುತ್ತಾ ಕೂತಿತ್ತು.

ಆಗ ನಾನು ಅವಳಿಗೆ ಭಟ್ಟರ ಕತೆ ಹೇಳಲೇಬೇಕಾಯಿತು.

ನಮ್ಮ ಹೊರಿಸುವವಳೂ ಹಾಗೆಯೇ, ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಹೇಳುವವಳು, ತಾನು ಅದಕ್ಕೆ ಅರ್ಥ ಹಚ್ಚುವವಳಲ್ಲ. ಒಂದು ದಿನ ಯಾರೋ ಅವಳಿಗೆ, ನಮ್ಮ ಮನೆ ಎದುರಿನವರಿಗೆ ಬಂಗುಡೆ ಕೊಡಲಿಕ್ಕೆ ಹೇಳು ಎಂದು ಹೇಳಿಹೋಗಿದ್ದರು. ಅವಳು ಅದೇ ದಿನ ಹೊಸದಾಗಿ ಬಂದಿದ್ದ ಒಬ್ಬ ಸೊಸೆಗೆ ಬುಟ್ಟಿ ಹೊರಿಸುತ್ತಾ ಕಿವಿಯಲ್ಲಿ ಅಂದಳು, ನಮ್ಮ ಮನೆ ಎದುರಿನವರಿಗೆ ಬಂಗುಡೆ ಕೊಡು. ಸೊಸೆ ಯೋಚಿಸಿದಳು, ಹೇಳಿದವಳು ಇವಳು, ಹಾಗಾದರೆ ಇವಳ ಮನೆಯ ಎದುರು. ಅಲ್ಲಿ ಇದ್ದದ್ದು ಪೂಜೆ ಮಾಡುವ ಭಟ್ಟರ ಮನೆ. ಭಟ್ಟರು ಹೂವು ಕೊಯ್ಯುತ್ತಿದ್ದರು. ಇವಳು ಅವರ ಅಂಗಳದಲ್ಲಿ ಬುಟ್ಟಿ ಇಳಿಸಿ, ದೊಡ್ಡದು ಬೇಕಾ, ಸಣ್ಣದು ಬೇಕಾ ಎಂದು ಕೇಳಿದಳು. ಭಟ್ಟರು ಬುಟ್ಟಿ ನೋಡಿದರು, ಇವಳ ಮುಖ ನೋಡಿದರು.

"ಇದ್ ನಮ್ದಲ್ಲ ಮಾರಾಯ್ತಿ," ಅಂದರು. "ಆದ್ರೆ ಹೊಸ್ಬಳ ಹಾಂಗ್ ಕಾಣ್ತಿ. ಯಾರ್ ಮನೆದ್ದಂತ ಹುಡ್ಕುಕೆ ಬೇಕಾರೆ ನಾನೂ ಬತ್ತೆ."

ಬುಟ್ಟಿ ಇಳಿಸಿದ್ದನ್ನು ಪುನಃ ಹೊರಿಸುವವರು ಯಾರು? ಭಟ್ಟರು ಮುಟ್ಟುವ ಹಾಗಿಲ್ಲ, ಹೊರಿಸದೆ ಅವಳು ಹೋಗುವ ಹಾಗಿಲ್ಲ. ಕೊನೆಗೆ ಅವರು ಹೂವಿನ ತಟ್ಟೆ ಹಿಡಿದುಕೊಂಡೇ ರಸ್ತೆಗೆ ಹೋಗಿ ನಿಂತು, ಮೀನಿನ ಬುಟ್ಟಿ ಎತ್ತುವವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಆ ಸೊಸೆ ನಾನೇ. ಆಮೇಲೆ ದಡದಲ್ಲಿ ಒಂದು ಕ್ರಮ ಬಂತು. ನಮ್ಮ ಮನೆ, ಆಚೆ ಮನೆ ಎನ್ನುವ ಮಾತೇ ಇಲ್ಲ, ಯಾರ ಮನೆ, ಯಾವ ದಾರಿ ಎಂದು ಪೂರ್ತಿ ಹೇಳಿಯೇ ಹೊರಿಸುವುದು.

ಹುಡುಗಿ ಇದನ್ನು ಕೇಳುತ್ತಾ ನೆಲದ ಮೇಲೆ ಮಲಗಿಯೇಬಿಟ್ಟಳು, ನಕ್ಕು ನಕ್ಕು. ಎದ್ದು ಕಣ್ಣು ಒರೆಸಿಕೊಂಡು ಫೈಲಿನಲ್ಲಿ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿ ಬರೆದಳು. ಪ್ಲಗ್ಗು ಕಿತ್ತಳು, ಹಾಕಿದಳು. ನಾವು ಕಾದು ಕೂತೆವು.

"ಹ್ವಾಯ್, ಬೈಂದೂರಿಗೆ ಬಂಗ್ಡೆ ಬಂತ್."

ಆಮೇಲೆ ನನ್ನನ್ನು ತಡೆಯುವವರು ಇರಲಿಲ್ಲ. ಚಾ ಕುಡಿಯುವ ಮುಂಚೆ ಒಂದು ಸಲ ಪ್ಲಗ್ಗು ಕಿತ್ತು ಹಾಕಿದೆ, ಕುಡಿದ ಮೇಲೆ ಒಂದು ಸಲ. ಮಗಳು ಮಸಾಲೆ ಅರೆಯಲಿಕ್ಕೆ ಮಿಕ್ಸಿ ತಂದರೆ, ಈಗಷ್ಟೇ ಎದ್ದದ್ದು, ಸ್ವಲ್ಪ ಕೂಗಲಿ ಬಿಡು ಎಂದು ಕಳಿಸಿದೆ. ಆ ವಾರ ಕೆಲವು ದಿನ ನಮ್ಮ ಸಾರಿಗೆ ಕಲ್ಲಿನಲ್ಲಿ ಅರೆದ ಮಸಾಲೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಅವಳ ಹೊಟ್ಟೆಯಲ್ಲಿ ಹುಟ್ಟಿದವಳು, ಅವಳು ಮಾಡಿದ ಪೆಟ್ಟಿಗೆಯಲ್ಲಿ ಮತ್ತೆ ನಾನು. ಇದನ್ನು ಯೋಚಿಸಿದರೆ ತಲೆ ತಿರುಗುತ್ತಿತ್ತು, ಖುಷಿಯಲ್ಲಿ.

ಆದರೆ ಬೈಂದೂರಿನ ದಿನ ಬಂದಾಗ ನನ್ನ ಖುಷಿ ಎಲ್ಲಿಗೋ ಹೋಯಿತು. ಮನೆಯ ಮಿಕ್ಸಿ ಪ್ಲಗ್ಗೇ ಬೇರೆ, ಆ ಹೆಂಗಸರ ಎದುರೇ ಬೇರೆ. ಹುಡುಗಿ ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಕಟ್ಟಿಕೊಂಡಿದ್ದಳು.

ಈ ಸಲ ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯಲಿಲ್ಲ. ಪೆಟ್ಟಿಗೆಗೆ ವಯರು ಕೊಟ್ಟು, ಅದರಿಂದ ಹತ್ತು ಮಾರು ದೂರ ಹೋಗಿ ಅಂಜಲ್ ಕೊಯ್ಯುವ ಹೆಂಗಸಿನ ಹಿಂದೆ ನಿಂತಳು. ಹಿರಿಯವಳು ಸ್ವಿಚ್ಚು ತೆಗೆದಳು. ನನ್ನನ್ನು ಹೆದರಿಸಲಿಕ್ಕೆಂದೇ ತುಂಬ ಹೊತ್ತು ಹಾಗೇ ಬಿಟ್ಟಳು. ಒಂದು ವ್ಯಾಪಾರವನ್ನೂ ಮುಗಿಸಿ ಬಂದಳು. ಆಮೇಲೆ ಹಾಕಿದಳು.

ದೀಪ ಬಂತು. ಸ್ವರ ಬರಲಿಲ್ಲ.

ಎಲ್ಲರೂ ಪೆಟ್ಟಿಗೆಯನ್ನು ನೋಡಿದರು. ಪೆಟ್ಟಿಗೆ ಯಾರನ್ನೂ ನೋಡಲಿಲ್ಲ. ಹಿರಿಯವಳು ಸೊಂಟಕ್ಕೆ ಕೈ ಕೊಟ್ಟು ನನ್ನ ಕಡೆ ತಿರುಗಿದಳು.

"ಅಜ್ಜಿಗ್ ಇವತ್ ಗಂಟ್ಲ್ ಕಟ್ಟಿತ್ತಾ?"

ಬೇರೆ ದಿನವಾದರೆ ಅವಳಿಗೆ ತಕ್ಕ ಉತ್ತರ ಕೊಡುತ್ತಿದ್ದೆ, ಆವತ್ತು ಮುಚ್ಚಳದ ತೂತನ್ನೇ ನೋಡಿದೆ. ಹುಡುಗಿ ಹಿಂದಿನಿಂದ ನಿಧಾನವಾಗಿ ಹೇಳಿದಳು, "ಕಾಯ್ನಿ. ಇಲ್ಲ್ ಇಂಟರ್ನೆಟ್ ಬಪ್ಪುದ್ ಸ್ವಲ್ಪ ತಡ. ಅದ್ ಬಂದ್ ಮೇಲೇ ಪ್ರೋಗ್ರಾಮ್ ಎಬ್ಸು ಅಂದೇಳಿ ಮೇನೇಜರಿಗೆ ಹೇಳಿಟ್ಟಿದ್ದೆ." ಅವಳ ಸ್ವರ ಗಟ್ಟಿಯಾಗಿತ್ತು. ಕೈ ಮಾತ್ರ ಜಡೆಯ ತುದಿಯನ್ನು ತಿರುಪುತ್ತ ಇತ್ತು. ಅಂಜಲ್ ಕೊಯ್ಯುವವಳ ಕತ್ತಿಯೂ ಅರ್ಧದಲ್ಲಿ ನಿಂತಿತ್ತು. ಕೊಳ್ಳಲಿಕ್ಕೆ ಬಂದ ಒಬ್ಬರು, ಏನಾಯಿತು ಎಂದು ಕೇಳಿದರೆ ಎಲ್ಲರೂ ಅವರಿಗೆ ಶ್ ಅಂದರು.

"ಹ್ವಾಯ್, ಬೈಂದೂರಿಗೆ ಅಂಜಲ್ ಬಂತ್."

ಬಂದರಿನಲ್ಲಿ ನನ್ನ ಮಗಳು ಒತ್ತಿದ್ದಳು. ಪೆಟ್ಟಿಗೆ ಊರು ತಪ್ಪಿಸಲಿಲ್ಲ, ಮೀನು ತಪ್ಪಿಸಲಿಲ್ಲ, ಯಾರೂ ಮುಟ್ಟಲಿಲ್ಲ. ನಾನು ಅಲ್ಲಿದ್ದ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಸೀರೆ ಒದ್ದೆಯಾದದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು. ಹಿರಿಯವಳು ಸ್ವಿಚ್ಚು ಪುನಃ ತೆಗೆದಳು. ಹಾಕಿದಳು. ಅದು ಪುನಃ ಎದ್ದು ಕೂಗಿತು. ಇನ್ನೊಬ್ಬಳು ಬಂದು, ನನಗೂ ಒಂದು ಸಲ ಕೊಡು ಅಂದಳು. ಆಮೇಲೆ ಅಲ್ಲಿ ಸ್ವಿಚ್ಚಿಗೆ ಸಾಲು ನಿಂತಿತು. ಫ್ಯಾನು ನಿಲ್ಲುವುದು, ತಿರುಗುವುದು, ನಾನು ಕೂಗುವುದು. ಕೊಳ್ಳಲಿಕ್ಕೆ ಬಂದವರು, ಮೊದಲು ನಮ್ಮ ಮೀನು ತೂಗಿ ಕೊಡಿ ಎಂದು ಜೋರು ಮಾಡಬೇಕಾಯಿತು.

"ಕೂಗಿರೆ ಇಡುದು ಅಂದಿದ್ರಿ," ಅಂದಳು ಹುಡುಗಿ ಹಿರಿಯವಳ ಎದುರು ಬಂದು ನಿಂತು.

"ಅಂದಿದ್ದೆ, ಇಲ್ಲ ಅಂತಿಲ್ಲ," ಅಂದಳು ಅವಳು. "ಆದ್ರೆ ಒಂದ್ ಮಾತ್. ಬೈಂದೂರ್ ಮಾರ್ಕೆಟಂಗೆ ಕುಂದಾಪ್ರದವ್ಳ್ ಎಂತಕೆ ಕೂಗ್ಕ್? ಬಸ್ಸಂಗೆ ಇವ್ಳ್ ಬಾಯಿ ಕೇಂಡದ್ದ್ ಸಾಕಾಯ್ಲ್ಯಾ ನಂಗೆ? ನಮ್ ಊರಿಗ್ ನಮ್ ಸ್ವರ ಬೇಕ್. ಅದ್ ಆತ್ತಾ ನಿಂಗೆ?"

ನಾನು ಹುಡುಗಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಆತ್ತ್ ಎನ್ನಲಿಕ್ಕೆ ಅವಳಿಗೆ ನನ್ನ ಒಪ್ಪಿಗೆ ಬೇಕಿತ್ತು, ನಾನು ಬೇಜಾರು ಮಾಡಿಕೊಂಡರೆ ಎಂದು. ನನಗೆ ಬೇಜಾರು ಎಲ್ಲಿಂದ ಬರಬೇಕು? "ಅದ್ ಒಂದ್ ಗೆರಿ ಕೆಲ್ಸ ಮಾರಾಯ್ತಿ," ಎಂದು ನಾನೇ ಹೇಳಿಬಿಟ್ಟೆ. "ಪ್ರೋಗ್ರಾಮ್ ಮುಟ್ಟುಕೂ ಇಲ್ಲ. ಸ್ವರದ ಜಾಗ ಬದಲ್ಸಿ ಹೊರ್ಸೂರಿಗ್ ಹೇಳಿರೆ ಆಯ್ತ್. ದಾರಿ ಮಾತ್ರ ಪೂರ್ತಿ ಬರಿಕ್."

ಹುಡುಗಿ ಫೋನು ಹಿಡಿದು ಹಿರಿಯವಳ ಬಾಯಿಯ ಹತ್ತಿರ ತಂದಳು. ಇಡೀ ಮಾರ್ಕೆಟ್ಟನ್ನು ಬಾಯಿಯಲ್ಲೇ ನಡೆಸುವ ಹೆಂಗಸು, ಫೋನು ಎದುರು ಬಂದ ಕೂಡಲೇ ಹೊಸ ಮದುಮಗಳ ಹಾಗೆ ನೆಲ ನೋಡಿದಳು. "ಹ್ವಾಯ್," ಅಂದಳು, ಸೊಳ್ಳೆ ಕೂಗಿದ ಹಾಗೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಎಷ್ಟು ಹೇಳಿದರೂ ಸ್ವರ ಮೇಲೆ ಬರಲಿಲ್ಲ. ಕೊನೆಗೆ ನಾನು ಅವಳ ಎದುರು ಹೋಗಿ ನಿಂತು, ಅಲ್ಲೇ ಇದ್ದ ಅವಳದೇ ಮೀನಿನ ಬುಟ್ಟಿಯನ್ನು ಕಾಲಿನಿಂದ ಸ್ವಲ್ಪ ಆಚೆ ಸರಿಸಿದೆ.

"ಹ್ವಾಯ್," ಎಂದು ಅವಳು ಕೊಟ್ಟಳು ನೋಡಿ ಒಂದು. ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾ ನಿಂತಿತು.

ಉಳಿದ ಶಬ್ದಗಳೂ ಅದೇ ಸಿಟ್ಟಿನಲ್ಲಿ ಬಂದವು. ಹುಡುಗಿ ಲ್ಯಾಪ್‌ಟಾಪ್ ತೆಗೆದು ಹೊಸ ಸ್ವರವನ್ನು ಒಳಗಿಟ್ಟು, ಫೈಲಿನಲ್ಲಿ ಆ ಒಂದು ಗೆರೆ ಬದಲಿಸಿ, ಲ್ಯಾಪ್‌ಟಾಪ್ ಮುಚ್ಚಿ ದೂರ ಹೋದಳು. ಹಿರಿಯವಳು ಸ್ವಿಚ್ಚು ತೆಗೆದು ಹಾಕಿದಳು. ಈ ಸಲ ಯಾರೂ ನಗಲಿಲ್ಲ. ಪೆಟ್ಟಿಗೆ ಇಂಟರ್ನೆಟ್ಟಿಗೆ ಕಾದಿತು, ನಾವು ಪೆಟ್ಟಿಗೆಗೆ ಕಾದೆವು.

"ಹ್ವಾಯ್, ಬೈಂದೂರಿಗೆ ಬೈಗೆ ಬಂತ್," ಎಂದು ಬೈಂದೂರಿನವಳೇ ಕೂಗಿದಳು.

ಅವಳು ತನ್ನ ಸ್ವರವನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು ಇರಬೇಕು. ಸೆರಗು ಸರಿಮಾಡಿಕೊಂಡಳು. ಆಮೇಲೆ ನನ್ನ ಪಕ್ಕದಲ್ಲೇ ಬಂದು ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕೂತು, ನನ್ನನ್ನು ಸೊಂಟದಿಂದ ಅತ್ತ ನೂಕಿ ಜಾಗ ಮಾಡಿಕೊಂಡಳು.

"ಮೊಳಿ ತಕಂಡ್ ಬನ್ನಿ," ಅಂದಳು ಹೆಂಗಸರಿಗೆ. "ಗೋಡಿಗೆ ಗಟ್ಟಿ ಹೊಡೀನಿ. ಬ್ರಹ್ಮಾವರದವ್ರಿಗೆ ಫೋನ್ ಮಾಡಿ, ಹೆಣ್ಣ್ ನಾಳೆ ಅಲ್ಲಿಗ್ ಬತ್ತ್ ಅಂದೇಳಿ ಹೇಳಿ. ಸ್ವರ ಅವ್ರದ್ದ್ ಅವ್ರೇ ತಯಾರ್ ಮಾಡಿಟ್ಕಣ್ಕ್, ಹೆಣ್ಣಿನ್ ಹೊತ್ತ್ ಹಾಳ್ ಮಾಡುಕಿಲ್ಲ."

ಹುಡುಗಿ ಕುರ್ಚಿ ಏರಿದಳು. ಇನ್ನೂ ಮೇಲೆ ಎಂದು ಒಬ್ಬಳು, ಎಡಕ್ಕೆ ಎಂದು ಇನ್ನೊಬ್ಬಳು. ಅವಳು ಯಾರ ಮಾತೂ ಕೇಳದೆ ತನಗೆ ಬೇಕಾದಲ್ಲಿ ಮೊಳೆ ಹೊಡೆದಳು.